ನಾಲ್ಕು ಸ್ಕ್ರೂಗಳ ಗಿಟಾರ್

ಮಡಿಕೇರಿಯ ಮಳೆಗಾಲ ಆಗಷ್ಟೇ ಮುಗಿದಿತ್ತು. ಮರುದಿನ ಗೆಳೆಯನ ಮದುವೆ, ಸಂಜೆಗೆ ನಮ್ಮದೇ ವಾದ್ಯಗೋಷ್ಠಿ. ಹಳೇ ಮಾದರಿಯ ಟೆಲಿಕಾಸ್ಟರ್ ಗಿಟಾರ್ ಹೊರತೆಗೆದರೆ ತಂತಿಗಳು ಫ್ರೆಟ್ ಬಿಟ್ಟು ಮೇಲೆದ್ದಿದ್ದವು. ಮೇಲಿನ ಸ್ವರಗಳೆಲ್ಲ ಅಪಸ್ವರ. ಮಂಗಳೂರಿನಿಂದ ಬಂದಿದ್ದ ಹಿರಿಯ ವಾದಕರೊಬ್ಬರನ್ನು ನಾವೆಲ್ಲ ಅಣ್ಣ ಅನ್ನುತ್ತಿದ್ದೆವು. ಅವರು ಬೆಂಕಿಯ ಪಕ್ಕ ಚಾಪೆ ಹಾಸಿ ಕೂತು, "ಸ್ಕ್ರೂಡ್ರೈವರ್ ಕೊಡು ಮಾರಾಯ" ಅಂದರು.

ತಂತಿ ಸಡಿಲಿಸಿ, ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿದರು. ಇಡೀ ನೆಕ್ ಕಳಚಿ ಕೈಗೆ ಬಂತು! ನನ್ನ ಎದೆ ಧಸಕ್ಕೆಂದಿತು. "ಹೆದರಬೇಡ ಮಾರಾಯ, ಇದನ್ನು ಮಾಡಿದವರೇ ಬಿಚ್ಚಲಿ ಅಂತ ಮಾಡಿದ್ದು" ಎಂದು ಕತೆ ಶುರುಮಾಡಿದರು.

ಟೆಲಿಕಾಸ್ಟರ್ ಮಾಡಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆಂಪ್ಲಿಫೈಯರ್ ಜೋರು ಮಾಡಿದರೆ ಟೊಳ್ಳು ಗಿಟಾರ್ ಊಳಿಡುತ್ತಿದ್ದ ಕಾಲ ಅದು. ಗಟ್ಟಿ ಮರಕ್ಕೆ ಆ ಕಾಟ ಕಡಿಮೆ. ನ್ಯೂಯಾರ್ಕಿನಲ್ಲಿ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೇ ಮರದ ತುಂಡಿಗೆ ತಂತಿ ಬಿಗಿದಿದ್ದರು. ಜನ ಒಪ್ಪಲೆಂದು ಅದರ ಎರಡೂ ಮಗ್ಗುಲಿಗೆ ಸೀಳಿದ ಗಿಟಾರಿನ ಬಾಡಿ ಜೋಡಿಸಬೇಕಾಯಿತು. ಫೆಂಡರ್ ಆ ವೇಷ ಕಟ್ಟಲಿಲ್ಲ. 1950ರಲ್ಲಿ ಹಲಗೆಯನ್ನು ಹಲಗೆಯಾಗಿಯೇ ಮಾರಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲಿ. ಎಸ್ಕ್ವೈರ್ ಹೆಸರಿನ ಆ ಮೊದಮೊದಲ ಗಿಟಾರ್‌ಗಳ ನೆಕ್ಕಿನೊಳಗೆ ಉಕ್ಕಿನ ಸರಳಿರಲಿಲ್ಲ. ಆರು ತಂತಿಗಳ ಎಳೆತ ಸೇರಿದರೆ 40 ಕಿಲೋ ಆಸುಪಾಸು. ಅಷ್ಟಕ್ಕೆ ಬರೀ ಮರ ಸಾಲದೆಂದು ಬೇಗನೆ ಟ್ರಸ್ ರಾಡ್ ಎಂಬ ಆ ಸರಳು ಸೇರಿಸಿದರು.

ಮಳೆಗಾಲದ ತೇವಕ್ಕೆ ಬಾಗಿದ್ದ ನನ್ನ ಗಿಟಾರಿನ ನೆಕ್ ನೇರವಾಗಲೆಂದು ಅದರೊಳಗಿನ ರಾಡಿನ ತುದಿಯನ್ನು ಅಣ್ಣ ಕಾಲು ಸುತ್ತು ಬಿಗಿದರು, ಅಷ್ಟೇ. ನೆಕ್ ಕೂಡಿಸಿ ಶ್ರುತಿ ಮಾಡಿದಾಗ ತಂತಿ ತಗ್ಗಿತ್ತು. ಆಮೇಲೆ 12ನೇ ಫ್ರೆಟ್. ಅಲ್ಲಿ ಒತ್ತಿದ ಸ್ವರ ಇರಬೇಕಾದ್ದಕ್ಕಿಂತ ಏರಿದ್ದರೆ, ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ ಎಳೆಯಬೇಕು. ತಂತಿ ಉದ್ದವಾಗಿ ಸ್ವರ ಇಳಿಯುತ್ತದೆ. ಹಳೇ ಮಾದರಿಯ ಟೆಲಿಕಾಸ್ಟರಿನಲ್ಲಿ ಆರು ತಂತಿಗೆ ಮೂರೇ ಸ್ಯಾಡಲ್. ಒಂದು ಸರಿಹೋದರೆ ಜೊತೆಯದು ತುಸು ತಪ್ಪುತ್ತದೆ. ಎರಡಕ್ಕೂ ನಡುವಿನ ಜಾಗ ಹುಡುಕುತ್ತ ಅವರು ಕಿವಿಗೊಟ್ಟು ಕೂತೇ ಇದ್ದರು. ಫೆಂಡರ್ ಅವರದೇ 1954ರ ಸ್ಟ್ರಾಟೋಕಾಸ್ಟರ್ ಪ್ರತಿ ತಂತಿಗೂ ಬೇರೆ ಸ್ಯಾಡಲ್ ಕೊಟ್ಟಿದ್ದು ಎಷ್ಟು ದೊಡ್ಡ ಉಪಕಾರವೆಂದು ಆಗ ತಿಳಿಯಿತು.

ಮರುದಿನ ಅದೇ ಗಿಟಾರ್ ಚೆನ್ನಾಗಿ ನುಡಿಯಿತು. ನಿಮ್ಮ ಮನೆಯಲ್ಲೂ ಮಳೆಗಾಲ ಕಳೆದು ಮೂಲೆಗೆ ಸೇರಿದ ಗಿಟಾರ್ ಇದ್ದರೆ ದಯವಿಟ್ಟು ಮಾರಬೇಡಿ. ಮೊದಲು ಬಲ್ಲವರಿಂದ ಸೆಟಪ್ ಮಾಡಿಸಿ.