ನರಾಚಿ ಹುಡುಕಿಕೊಂಡು ಬರುವವರಿಗೆ

ರಜೆಗೆ ಬಂದ ಅಕ್ಕನ ಮಕ್ಕಳದ್ದು ಒಂದೇ ಹಟ: ‘ಮಾಮ, ಯಶ್ ಫೈಟ್ ಮಾಡಿದ ನರಾಚಿ ತೋರಿಸು!’ ನರಾಚಿ ಅಂದರೆ ಕೆಜಿಎಫ್ ಸಿನಿಮಾದ ಕಾಲ್ಪನಿಕ ಗಣಿ. ಅದಕ್ಕೆ ನಿರ್ದೇಶಕ ಪ್ರಶಾಂತ್ ನೀಲ್ ಸೆಟ್ ಹಾಕಿಸಿದ್ದು ನಮ್ಮೂರಿನ, ಅಂದರೆ ಕೋಲಾರ ಚಿನ್ನದ ಗಣಿಯ, ಸೈನೈಡ್ ಗುಡ್ಡಗಳಲ್ಲಿ. ಗುಡ್ಡ ಅಂದರೆ ನಿಜವಾದ ಗುಡ್ಡವಲ್ಲ. ಅದಿರು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಸುರಿದ ಹುಡಿ. ಮಳೆ ಕೊರೆದ ಸೀಳುಗಳು, ಹಿಟ್ಟಿನಷ್ಟು ನುಣುಪು. ಗಾಳಿ ಬೀಸಿದರೆ ನಮ್ಮೂರಿನ ಕೋರಮಂಡಲ್ ಬಡಾವಣೆಯಲ್ಲಿ ಒಣಹಾಕಿದ ಬಟ್ಟೆಗೆಲ್ಲ ಅದೇ ಧೂಳು. ಮಕ್ಕಳನ್ನು ಮುಟ್ಟಲು ಬಿಡಬೇಡಿ.

ತೆರೆಯ ಮೇಲೆ ಕಂಡವರು ಗುಲಾಮರು. ಇಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದವರು 1930ರಲ್ಲೇ ಮುಷ್ಕರ ಹೂಡಿದ ಕಾರ್ಮಿಕರು! 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸೆಲ್ಫಿ ಆದಮೇಲೆ ಗಣಿ ಕಾರ್ಮಿಕರ ಲೈನ್ ಮನೆಗಳ ಕಡೆಗೂ ಬನ್ನಿ. ಜಗಲಿಯಲ್ಲಿ ಕೂತ ತಾತಂದಿರನ್ನು ಒಮ್ಮೆ ಮಾತಾಡಿಸಿ, ದಯವಿಟ್ಟು.