ಗದ್ದಲದ ಸಂಗೀತ, ಗಟ್ಟಿ ಮನಸ್ಸು

ಸಂಗೀತವು ಮನಸ್ಸಿಗೆ ನೆಮ್ಮದಿ ಕೊಡತಕ್ಕದ್ದೆಂಬುದು ಹಿರಿಯರ ಮತ. ಆ ಅಳತೆಯಿಂದ ನೋಡಿದರೆ ‘ಥ್ರ್ಯಾಶ್ ಮೆಟಲ್’ ಎಂಬುದು ಸಂಗೀತವೇ ಅಲ್ಲ. ವಿದ್ಯುತ್ ಗಿಟಾರಿನ ದಪ್ಪ ತಂತಿಗಳನ್ನು ಅಂಗೈಯಿಂದ ಅದುಮಿ ಮಿಂಚಿನ ವೇಗದಲ್ಲಿ ಮೀಟುತ್ತಾರೆ. ಡ್ರಮ್ಮಿನವನು ಕೈಗಳ ಜೊತೆಗೆ ಎರಡು ಕಾಲುಗಳಿಂದಲೂ ಬಾರಿಸುತ್ತಾನೆ. ಹಾಡುವವನು ಹಾಡುವುದಕ್ಕಿಂತ ಗರ್ಜಿಸುವುದೇ ಹೆಚ್ಚು. ಆದರೆ ಗುಬ್ಬಿಯಪ್ಪನ ಜಾತ್ರೆಯಲ್ಲಿ ತಮಟೆಯ ಸದ್ದು ಕೇಳಿ ಬೆಳೆದ ನನಗೆ ಈ ಗದ್ದಲ ಪರಕೀಯವೆನಿಸಲಿಲ್ಲ.

1980ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬಲಿತ ಈ ಪದ್ಧತಿ ಬಹುಬೇಗ ಕಡಲು ದಾಟಿತು. ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ 1985ರಲ್ಲಿ ‘ಮಾರ್ಟಲ್ ಸಿನ್’ ಎಂಬ ತಂಡ ಹುಟ್ಟಿತು. ಅದು ಹಲವು ಸಲ ಒಡೆದು, ಮತ್ತೆ ಕೂಡಿ, ಕೊನೆಗೆ 2012ರಲ್ಲಿ ನಿಂತುಹೋಯಿತು. ಇಂಥ ತಂಡಗಳು ಕಟ್ಟುವುದು ಸುಲಭ, ಉಳಿಯುವುದು ಕಷ್ಟ.

ಅಂತಹ ಉಳಿವಿನ ಕಥೆಯೊಂದು ನಮಗೆ ಎಪ್ಪತ್ತು ಕಿಲೋಮೀಟರು ದೂರದಲ್ಲಿಯೇ ಇದೆ. 1998ರಲ್ಲಿ ಬೆಂಗಳೂರಿನ ನೋಲನ್ ಲೂಯಿಸ್ ಮತ್ತು ಗಣೇಶ್ ಎಂಬ ತರುಣರು ‘ಕ್ರಿಪ್ಟೋಸ್’ ತಂಡವನ್ನು ಕಟ್ಟಿದರು. ಥ್ರ್ಯಾಶ್‌ನ ವೇಗಕ್ಕೆ ಹಳೆಯ ಹೆವಿ ಮೆಟಲ್ಲಿನ ಇಂಪನ್ನು ಬೆರೆಸಿದ್ದು ಅವರ ವೈಶಿಷ್ಟ್ಯ. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗ ಐದು ವರ್ಷಕ್ಕೆ ಬಿ.ಎ. ಪದವೀಧರನಾಗುತ್ತಾನೆ; ಇವರ ಮೊದಲ ಆಲ್ಬಮ್ಮಾದ ‘ಸ್ಪೈರಲ್ ಅಸೆಂಟ್’ ಹೊರಬರುವುದಕ್ಕೆ ಆರು ವರ್ಷ ಹಿಡಿಯಿತು! ಎರಡನೆಯದು 2008ರಲ್ಲಿ, ಮೂರನೆಯದು 2012ರಲ್ಲಿ. 2024ರಲ್ಲಿ ಬಂದ ‘ಡೆಸಿಮೇಟರ್’ ಏಳನೆಯದು. ನಡುವೆ ತಂಡದಲ್ಲಿ ಜನ ಬದಲಾದರು. ತಂಡ ಮಾತ್ರ ನಿಲ್ಲಲಿಲ್ಲ.

2013ರಲ್ಲಿ ಅವರು ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿದರು. ವಾಕನ್ ಮಹಾನಗರವೇನೂ ಅಲ್ಲ. ಸುಮಾರು ಎರಡು ಸಾವಿರ ಜನರಿರುವ ಹಳ್ಳಿ. ಅಲ್ಲಿ 1990ರಲ್ಲಿ ಆರಂಭವಾದ ಉತ್ಸವಕ್ಕೆ ಈಗ ಎಪ್ಪತ್ತು ಸಾವಿರಕ್ಕೂ ಮೀರಿ ಜನ ಸೇರುತ್ತಾರೆ.

ಹಳ್ಳಿಯಿಂದ ದೊಡ್ಡದೇನು ಬಂದೀತು ಎನ್ನುವವರಿಗೆ ನಮ್ಮ ಗುಬ್ಬಿಯೇ ಉತ್ತರ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಗುಬ್ಬಿ ಕಂಪನಿಯವರು ಬಣ್ಣ ಹಚ್ಚಿ ಹೊಟ್ಟೆ ಹೊರೆದರು, ಊರೂರು ತಿರುಗಿದರು. ಮೆಟಲ್ ನುಡಿಸುವವರಿಗೆ ನಮ್ಮ ದೇಶದಲ್ಲಿ ಅಷ್ಟು ಟಿಕೆಟ್ಟೂ ಮಾರಾಟವಾಗುವುದಿಲ್ಲ. ಅನ್ನಕ್ಕೆ ಬೇರೆ ದಾರಿ ಹುಡುಕಬೇಕು. ಆದರೂ ಬಿಡದೆ ಹಿಡಿಯುವ ಗುಣ ಇಬ್ಬರದೂ ಒಂದೇ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಕುಣಿಗಲ್ಲಿನ ಒಬ್ಬ, ತುಮಕೂರಿನ ಇಬ್ಬರು ಮತ್ತು ನಾನು, ಹೀಗೆ ನಾಲ್ವರು ಗೆಳೆಯರು ಎರಡು ವರ್ಷಗಳಿಂದ ಭಾನುವಾರಗಳಂದು ಕೊಬ್ಬರಿಯ ಗೋದಾಮೊಂದರಲ್ಲಿ ಸೇರಿ ನುಡಿಸುತ್ತಿದ್ದೇವೆ. ಗಿಟಾರುಗಳೆರಡೂ ಹಳೆಯವು, ಡ್ರಮ್ಮು ಎರವಲು. ಇನ್ನು ಪರೀಕ್ಷೆ ಮುಗಿದರೆ ಒಬ್ಬ ಬೆಂಗಳೂರಿಗೆ, ಒಬ್ಬ ವಸಂತನರಸಾಪುರದ ಕಾರ್ಖಾನೆಗೆ, ಇನ್ನೊಬ್ಬ ಅಣ್ಣನ ಅಂಗಡಿಗೆ. ನಮ್ಮ ತಂದೆ ತೆಂಗಿನಕಾಯಿ ಸುಲಿದ ಕೂಲಿಯಿಂದ ನನ್ನನ್ನು ಓದಿಸಿದವರು. ಮನೆತನದಲ್ಲಿ ಪದವಿಯ ಹೊಸ್ತಿಲು ತುಳಿದವನು ನಾನೇ ಮೊದಲಿಗ. “ಮೊದಲು ಒಂದು ನೌಕರಿ ನೋಡ್ಕೊಳಪ್ಪ, ಆಮೇಲೆ ಬೇಕಾದ್ದು ಬಾರ್ಸು” ಎನ್ನುತ್ತಾರೆ. ಅವರ ಮಾತು ನ್ಯಾಯವಾದುದು. ಎಫ್.ಡಿ.ಎ. ಪರೀಕ್ಷೆಗೆ ನಾನು ಓದುತ್ತಲೇ ಇದ್ದೇನೆ.

ಆದರೆ ‘ಆಮೇಲೆ’ ಎಂಬ ಮಾತು ಬಲು ಮೋಸದ್ದು. ಆಮೇಲೆಂದು ಎತ್ತಿಟ್ಟ ಹಾರ್ಮೋನಿಯಂಗಳು ಎಷ್ಟು ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿಲ್ಲ! ಅನ್ನಕ್ಕೊಂದು ಕೆಲಸ, ಆತ್ಮಕ್ಕೊಂದು ಕೆಲಸ: ಎರಡನ್ನೂ ಒಟ್ಟಿಗೇ ಸಾಗಿಸಬೇಕೆಂಬುದು ನನ್ನ ಅಭಿಮತ. ಕ್ರಿಪ್ಟೋಸ್ ತಂಡದಿಂದ ನಾನು ಕಲಿತದ್ದು ವೇಗವನ್ನಲ್ಲ, ಸಾವಧಾನವನ್ನು. ನಾಲ್ಕು ವರ್ಷಕ್ಕೊಂದು ಆಲ್ಬಮ್ಮು ಅವರಿಗೆ ಸಾಕಾದರೆ, ತಿಂಗಳಿಗೊಂದು ಭಾನುವಾರ ನಮಗೆ ಸಾಲದೆ? ಗೋದಾಮಿನ ಬೀಗದಕೈ ಈಗ ನನ್ನಲ್ಲಿದೆ. ಅದನ್ನು ಹಿಂದಿರುಗಿಸುವ ಯೋಚನೆ ನಮ್ಮಲ್ಲಿ ಯಾರಿಗೂ ಇಲ್ಲ.