ದಾಳಿಂಬೆ ಒಡೆಯುವ ಊರಿನ ಶನಿವಾರದ ಸಂತೆ

ಗ್ರೀಸ್ ಅಂದ ತಕ್ಷಣ ನೀಲಿ ಸಮುದ್ರ, ಬಿಳಿ ಗೋಡೆ, ಕ್ಯಾಲೆಂಡರಿನಲ್ಲಿ ಬರೋ ಸಾಂಟೊರಿನಿ ದ್ವೀಪ ನೆನಪಾಗುತ್ತೆ ಅಲ್ವಾ? ನಾನು ನೋಡಿದ ಗ್ರೀಸಿನಲ್ಲಿ ಅದ್ಯಾವುದೂ ಇರಲಿಲ್ಲ. ಸ್ವೆಟರ್ ಹಾಕಿಕೊಂಡು ಓಡಾಡುವಷ್ಟು ಚಳಿ, ರಸ್ತೆ ಬದಿಯ ಮರಗಳ ತುಂಬಾ ಹಣ್ಣಾದ ಹುಳಿ ಕಿತ್ತಳೆ, ಮತ್ತೆ ಒಂದು ಸಂತೆ. ಆ ಸಂತೆಯ ಬಗ್ಗೆ ಬರೀಬೇಕು ಅಂತ ಎಷ್ಟೋ ದಿನದಿಂದ ಅಂದುಕೊಳ್ತಾನೇ ಇದ್ದೆ, ಇವತ್ತು ಕೂತಿದ್ದೀನಿ.

ನಾವಿರೋದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರ. 2022ರ ಚಳಿಗಾಲದಲ್ಲಿ ಸಾಗರದಿಂದ ಅಮ್ಮ ಬಂದಿದ್ದಳು. ಅಪ್ಪ ಹೋಗಿದ್ದು 2020ರ ಸೆಪ್ಟೆಂಬರಿನಲ್ಲಿ. ಆಗ ಊರಿಗೆ ಹೋಗೋಕೆ ಆಗದೆ ಎಲ್ಲವನ್ನೂ ಫೋನಿನಲ್ಲೇ ನೋಡಿದೆ, ಅದರ ಬಗ್ಗೆ ಹೆಚ್ಚು ಬರೆಯೋಲ್ಲ. ಅಮ್ಮನಿಗೆ ಜರ್ಮನಿಯ ನಾಲ್ಕೂವರೆಗೇ ಕತ್ತಲಾಗೋ ಸಂಜೆಗಳು ಒಗ್ಗಲಿಲ್ಲ. ಇವಳನ್ನ ಸ್ವಲ್ಪ ಬಿಸಿಲಿಗೆ ಕರ್ಕೊಂಡು ಹೋಗೋಣ ಅಂತ ಕ್ರಿಸ್‌ಮಸ್ ರಜೆಯಲ್ಲಿ ಹೊರಟಿದ್ದು ನಾಫ್‌ಪ್ಲಿಯೊ ಅನ್ನೋ ಊರಿಗೆ. ಅಥೆನ್ಸಿನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ. ಪುಟ್ಟ ಊರು. ಆದರೂ ಸ್ವತಂತ್ರ ಗ್ರೀಸಿನ ಮೊದಲ ರಾಜಧಾನಿ ಇದೇ. 1834ರಲ್ಲಿ ಆ ಪಟ್ಟ ಅಥೆನ್ಸಿಗೆ ಹೋಯ್ತು. ತಲೆಯ ಮೇಲೆ ವೆನಿಸ್‌ನವರು ಕಟ್ಟಿದ ಪಲಾಮಿದಿ ಕೋಟೆ. ಅದಕ್ಕೆ 999 ಮೆಟ್ಟಿಲು ಅಂತ ಊರವರ ಮಾತು. "ಲೆಕ್ಕ ಮಾಡಿದೋರು ಯಾರು? ನನ್ನ ಮಂಡಿಯಂತೂ ಮಾಡೋಲ್ಲ" ಅಂತ ಅಮ್ಮ ಕೆಳಗೇ ಕೂತಳು :-)

ಡಿಸೆಂಬರ್ 31 ಆ ವರ್ಷ ಶನಿವಾರ ಬಿದ್ದಿತ್ತು. ನಾಫ್‌ಪ್ಲಿಯೊದಲ್ಲಿ ಶನಿವಾರ ಸಂತೆ. ವರ್ಷದ ಕೊನೆಯ ಸಂತೆ ಅಂದಮೇಲೆ ಕೇಳಬೇಕಾ, ಊರಿಗೆ ಊರೇ ಅಲ್ಲಿತ್ತು.

ಬೀದಿ ಸಂತೆಗೆ ಅಲ್ಲಿ 'ಲೈಕಿ' ಅಂತಾರೆ, ಜನರದ್ದು ಅಂತ ಅರ್ಥ. ಬೆಳೆದವರೇ ನೇರವಾಗಿ ತಂದು ಮಾರಲಿ, ಜನರಿಗೆ ಅಗ್ಗಕ್ಕೆ ಸಿಗಲಿ ಅಂತ 1929ರಲ್ಲಿ ಅಥೆನ್ಸಿನ ಥಿಸಿಯೊದಲ್ಲಿ ಮೊದಲು ಶುರುವಾಗಿದ್ದಂತೆ. ಈಗ ಊರೂರಲ್ಲೂ ವಾರದ ಗೊತ್ತಾದ ದಿನ ರಸ್ತೆಗೆ ಗಾಡಿ ಬಿಡೋದು ನಿಲ್ಲಿಸಿ ಸಂತೆ ಹೂಡ್ತಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲಾ ಖಾಲಿ. ಕೊನೇ ಗಂಟೆಯಲ್ಲಿ ರೇಟು ಇಳಿಯುತ್ತೆ, ಅದಕ್ಕೇ ಕಾದು ಬರೋರೂ ಇದ್ದಾರೆ. ಸಾಗರದ ಸಂತೆಗೆ ಸಂಜೆ ಹೊತ್ತಿಗೇ ಹೋಗ್ತಿದ್ದ ಅಮ್ಮನಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆರ್ಗೊಲಿದಾ ಅನ್ನೋ ಈ ಸೀಮೆ ಕಿತ್ತಳೆಗೆ ಪ್ರಸಿದ್ಧ. ಎಲೆ ಸಮೇತ ಕಿತ್ತ ಹಣ್ಣು ಗುಡ್ಡೆ ಗುಡ್ಡೆ, ಕೆ.ಜಿ.ಗೆ ಒಂದು ಯೂರೋಗಿಂತ ಕಡಿಮೆ. ಪಕ್ಕದಲ್ಲಿ ಪೀಪಾಯಿಗಳಲ್ಲಿ ಉಪ್ಪು ನೀರಿನ ಆಲಿವ್ ಕಾಯಿ, ಆ ವರ್ಷದ ಹೊಸ ಎಣ್ಣೆ, ಜೇನು, ಮೊಳದುದ್ದದ ಲೀಕ್, ತಲೆಯಷ್ಟು ದಪ್ಪದ ಎಲೆಕೋಸು. ಮೀನಿನ ಸಾಲು ಬಂದಾಗ ಅಮ್ಮ ಸೆರಗು ಮೂಗಿಗೆ ಒತ್ತಿ ದಡದಡ ದಾಟಿಬಿಟ್ಟಳು.

ಅವಳು ಗಟ್ಟಿಯಾಗಿ ನಿಂತಿದ್ದು ಸೊಪ್ಪಿನ ಮುಂದೆ. ಗುಡ್ಡದಲ್ಲಿ ತಾನಾಗಿ ಬೆಳೆದ ಸೊಪ್ಪುಗಳನ್ನ ಚಾಕುವಿನಿಂದ ಕಿತ್ತು, ಬೇರಿಗೆ ಮಣ್ಣು ಹಾಗೇ ಇರುವಂತೆ ತಂದು ಒಬ್ಬಾಕೆ ರಾಶಿ ಹಾಕಿದ್ದರು. 'ಹೋರ್ತಾ' ಅಂತ ಒಟ್ಟು ಹೆಸರು. ಬೇಯಿಸಿ ಆಲಿವ್ ಎಣ್ಣೆ, ನಿಂಬೆಹುಳಿ ಹಾಕಿ ತಿಂತಾರೆ. ಅಮ್ಮ ಒಂದು ಎಲೆ ಮುರಿದು ಬಾಯಿಗೆ ಹಾಕಿಕೊಂಡು, "ಕಹಿ ಇದೆ, ಒಳ್ಳೇ ಸೊಪ್ಪು. ಮೊಸರು ಸಿಕ್ಕಿದರೆ ತಂಬುಳಿ ಮಾಡಬಹುದು" ಅಂದಳು. ಗ್ರೀಸಿನಲ್ಲಿ ನಿಂತು ಮೊಸರು ಸಿಗುತ್ತಾ ಅಂತ ಕೇಳಿದ ಮೊದಲ ವ್ಯಕ್ತಿ ನನ್ನಮ್ಮನೇ ಇರಬೇಕು! ಆ ರಾತ್ರಿ ತಂಬುಳಿ ಆಯ್ತು, ಚೆನ್ನಾಗೂ ಇತ್ತು.

ಮಧ್ಯೆ ಮಧ್ಯೆ ಮಕ್ಕಳ ಗುಂಪು. ಕೈಯಲ್ಲಿ ತ್ರಿಕೋನಾಕಾರದ ಕಬ್ಬಿಣದ ಸರಳು, ಅದನ್ನ ಟಿಣ್ ಟಿಣ್ ಬಡಿಯುತ್ತಾ "ಹೇಳೋಣವಾ?" ಅಂತ ಕೇಳ್ತಾರೆ. ಹ್ಞೂಂ ಅಂದರೆ ಹಬ್ಬದ ಹಾಡು, ಆಮೇಲೆ ಕೈಗೆ ಚಿಲ್ಲರೆ. 'ಕಾಲಂದಾ' ಅನ್ನೋ ಈ ಹಾಡುಗಳನ್ನ ಕ್ರಿಸ್‌ಮಸ್ ಮುನ್ನಾದಿನ, ವರ್ಷದ ಕೊನೇ ದಿನ, ಜನವರಿ 5 ಹೀಗೆ ಮೂರು ಸಲ ಹಾಡಿಕೊಂಡು ಬರ್ತಾರೆ. ಮಲೆನಾಡಿನವರಿಗೆ ಗೊತ್ತಿರುತ್ತೆ, ದೀಪಾವಳಿಯ ರಾತ್ರಿ ಅಂಟಿಕೆ ಪಂಟಿಕೆಯವರು ದೀಪ ಹಿಡಿದು ಹಾಡುತ್ತಾ ಬಾಗಿಲಿಗೆ ಬರೋದು... ಅಮ್ಮ ಪರ್ಸು ಬಿಚ್ಚಿ ಪ್ರತಿ ಗುಂಪಿಗೂ ಕೊಟ್ಟಳು, ನನ್ನ ಚಿಲ್ಲರೆ ಮುಗಿಯೋವರೆಗೂ. ಲಾಟರಿಯವನೊಬ್ಬ ಉದ್ದ ಕೋಲಿಗೆ ಟಿಕೆಟ್ ಸಿಕ್ಕಿಸಿಕೊಂಡು ಕೂಗ್ತಿದ್ದ. ಹೊಸ ವರ್ಷದ ಹೊತ್ತಿಗೆ ಅದೃಷ್ಟ ಪರೀಕ್ಷೆ ಮಾಡಲೇಬೇಕಂತೆ, ರಾತ್ರಿಯೆಲ್ಲಾ ಇಸ್ಪೀಟು ಬೇರೆ. ಯುಗಾದಿಗೆ ಎಲೆ ಹಾಕೋ ನಮ್ಮ ಚಿಕ್ಕಪ್ಪಂದಿರು ಇಲ್ಲಿ ಸುಖವಾಗಿ ಇರ್ತಿದ್ದರು.

ಆದರೆ ಆ ದಿನದ ಸಂತೆಯ ನಿಜವಾದ ಸರಕು ಎರಡೇ. ಒಂದು ದಾಳಿಂಬೆ. ಇನ್ನೊಂದು, ನೋಡಲು ದೊಡ್ಡ ಈರುಳ್ಳಿಯಂತಿದ್ದು ತಲೆಯಲ್ಲಿ ಹಸಿರು ಎಲೆ ಬಿಟ್ಟುಕೊಂಡ ಗೆಡ್ಡೆ.

"ಎಂಥದೇ ಇದು?" ಅಂತ ಅಮ್ಮ ಮುಟ್ಟಲು ಹೋದಾಗ ಅಂಗಡಿಯವ ಬೇಡ ಬೇಡ ಅಂತ ಕೈ ಆಡಿಸಿದ. ಅದು ಕಾಡು ಈರುಳ್ಳಿಯ ಜಾತಿ, ರಸ ತಾಗಿದರೆ ತುರಿಕೆ, ತಿಂದರೆ ವಿಷ. ಹಾಗಾದರೆ ಯಾಕೆ ಕೊಳ್ತಾರೆ? ಮಣ್ಣಿನಿಂದ ಕಿತ್ತು ತೂಗು ಹಾಕಿದರೂ, ನೀರೇ ಹಾಕದಿದ್ದರೂ ಅದು ಚಿಗುರುತ್ತಲೇ ಇರುತ್ತಂತೆ. ಆ ಜೀವಶಕ್ತಿ ಮನೆಗೂ ಬರಲಿ ಅಂತ ಬುಡಕ್ಕೆ ಬಂಗಾರದ ಬಣ್ಣದ ಹಾಳೆ ಸುತ್ತಿ, ರಿಬ್ಬನ್ ಕಟ್ಟಿ ಬಾಗಿಲಿಗೆ ನೇತು ಹಾಕ್ತಾರೆ. ಇದು ನಿನ್ನೆ ಮೊನ್ನೆಯದಲ್ಲ. ಒಂದನೇ ಶತಮಾನದ ವೈದ್ಯ ಡಿಯೊಸ್ಕೊರಿಡಿಸ್ ಕೂಡ ಇದನ್ನ ಬಾಗಿಲಿಗೆ ಕಟ್ಟಿದರೆ ಕೇಡು ತಟ್ಟೋಲ್ಲ ಅಂತ ಬರೆದಿದ್ದಾನೆ. ಬೆಂಗಳೂರಿನ ಅಂಗಡಿ ಬಾಗಿಲಲ್ಲಿ ಬೇರು ಮೇಲಾಗಿ ನೇತಾಡೋ ಲೋಳೆಸರ ನೆನಪಾಯ್ತು. ಅದೂ ಹಾಗೇ, ಮಣ್ಣಿಲ್ಲದೆ ವರ್ಷಗಟ್ಟಲೆ ಹಸಿರಾಗಿರುತ್ತೆ.

ಇನ್ನು ದಾಳಿಂಬೆ. ಹೊಸ ವರ್ಷ ಬಂದ ಕೂಡಲೇ ಹೊಸ್ತಿಲಲ್ಲಿ ದಾಳಿಂಬೆಯನ್ನ ನೆಲಕ್ಕೆ ಅಪ್ಪಳಿಸಿ ಒಡೀತಾರೆ. ಕಾಳು ಎಷ್ಟು ದೂರ ಚೆಲ್ಲುತ್ತೋ ಅಷ್ಟು ಸಮೃದ್ಧಿ. ಆಯುಧ ಪೂಜೆಗೆ ಕುಂಕುಮ, ಚಿಲ್ಲರೆ ತುಂಬಿ ಬೂದುಗುಂಬಳ ಒಡೆಯೋ ನಮಗೆ ಇದೇನು ವಿಚಿತ್ರ ಅನ್ನಿಸಲೇ ಇಲ್ಲ. ಚಿಲ್ಲರೆಯನ್ನ ಅವರು 'ವಾಸಿಲೋಪಿತಾ' ಅನ್ನೋ ಕೇಕಿನಲ್ಲಿಟ್ಟು ಬೇಯಿಸ್ತಾರೆ. ಜನವರಿ 1 ಸಂತ ಬೆಸಿಲ್‌ನ ದಿನ. ಕೇಕಿನ ಮೊದಲ ಹೋಳು ಕ್ರಿಸ್ತನಿಗೆ, ಮತ್ತೊಂದು ಮೇರಿಗೆ, ಇನ್ನೊಂದು ಮನೆಗೆ, ಆಮೇಲೆ ಹಿರಿಯರಿಂದ ಕಿರಿಯರಿಗೆ. ನಾಣ್ಯ ಸಿಕ್ಕಿದವರಿಗೆ ವರ್ಷವಿಡೀ ಅದೃಷ್ಟ.

ದಾಳಿಂಬೆ ಆರಿಸ್ತಾ ನಿಂತಾಗಲೇ ಸಿಕ್ಕಿದ್ದು ನಾವು ಉಳಿದುಕೊಂಡಿದ್ದ ಮನೆಯ ಓನರಮ್ಮ. ಎಪ್ಪತ್ತು ದಾಟಿದವರು, ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಅವರ ಹತ್ತಿರ ನಾನು ಮಾತಾಡ್ತಿದ್ದಿದ್ದು ಜರ್ಮನ್‌ನಲ್ಲಿ! 1960ರಲ್ಲಿ ಪಶ್ಚಿಮ ಜರ್ಮನಿ ಗ್ರೀಸಿನಿಂದ ಕೆಲಸದವರನ್ನ ಕರೆಸಿಕೊಳ್ಳೋ ಒಪ್ಪಂದ ಮಾಡಿಕೊಂಡ ಮೇಲೆ ಲಕ್ಷಗಟ್ಟಲೆ ಜನ ಅಲ್ಲಿಗೆ ಹೋದರು. ಇವರೂ ಹುಡುಗಿಯಾಗಿದ್ದಾಗ ಸ್ಟುಟ್‌ಗಾರ್ಟಿನ ಒಂದು ಫ್ಯಾಕ್ಟರಿಯಲ್ಲಿ ಎಂಟು ವರ್ಷ ದುಡಿದವರು. ನಾನು ಅಲ್ಲಿಂದ ಬಂದವಳು ಅಂತ ತಿಳಿದಾಗಿನಿಂದ ದಿನಾ ಒಂದು ತಟ್ಟೆ ಕಿತ್ತಳೆ ಮೇಲೆ ಬರ್ತಿತ್ತು.

ಅವರು ಅಮ್ಮನನ್ನೇ ನೋಡುತ್ತಾ ಅಂದರು: "ನಾಳೆ ಬೆಳಿಗ್ಗೆ ನಮ್ಮನೆಗೆ ಮೊದಲು ನಿಮ್ಮಮ್ಮ ಬರಲಿ. ಬಲಗಾಲಿಟ್ಟು ಒಳಗೆ ಬಂದು, ದಾಳಿಂಬೆ ಅವರೇ ಒಡೀಲಿ."

ಅದಕ್ಕೆ 'ಪೊದಾರಿಕೊ' ಅಂತಾರೆ. ಹೊಸ ವರ್ಷದಲ್ಲಿ ಮೊದಲು ಯಾರ ಕಾಲು ಹೊಸ್ತಿಲು ದಾಟುತ್ತೋ ಅವರ ಗುಣ ವರ್ಷವಿಡೀ ಮನೆಯಲ್ಲಿರುತ್ತೆ ಅನ್ನೋ ನಂಬಿಕೆ. ಹಾಗಾಗಿ ಯೋಚಿಸಿ ಕರೀತಾರೆ, ಹೆಚ್ಚಾಗಿ ಮಕ್ಕಳನ್ನ.

ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಕೈಯಲ್ಲಿದ್ದ ದಾಳಿಂಬೆಯನ್ನ ಮೆತ್ತಗೆ ರಾಶಿಗೆ ವಾಪಸ್ ಇಟ್ಟಳು.

"ಬೇಡ ಅನ್ನು. ನಾನು ಅಂಥದ್ದಕ್ಕೆ ಬರೋಳಲ್ಲ ಅಂತ ಬಿಡಿಸಿ ಹೇಳು. ಪಾಪ, ಅವರಿಗೆ ಗೊತ್ತಿಲ್ಲ."

ಊರಲ್ಲಿ ಅಮ್ಮನಿಗೆ ಯಾರೂ ಏನೂ ಅಂದಿಲ್ಲ. ಅಂದವರಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅರಿಶಿನ ಕುಂಕುಮ ಕೊಡೋ ಹೊತ್ತಿಗೆ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತೆ. ಮದುವೆಮನೆಯಲ್ಲಿ ಆರತಿ ಹೊತ್ತಿಗೆ ಕಂಬದ ಹಿಂದಿರ್ತಾಳೆ. ಅವಳೂ ನಾವೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಈಗ ಗ್ರೀಸಿನ ಬೀದಿಯಲ್ಲಿ, ಲೀಕ್ ಸೊಪ್ಪಿನ ಚೀಲ ಹಿಡಿದು, ಜರ್ಮನ್ ಭಾಷೆಯಲ್ಲಿ ಹೇಳಬೇಕಾಗಿತ್ತು.

ಹೇಳಿದೆ. "ಅಮ್ಮನ ಗಂಡ ತೀರಿಕೊಂಡಿದ್ದಾರೆ. ನಮ್ಮ ಕಡೆ ಅಂಥವರು ಶುಭಕಾರ್ಯಕ್ಕೆ ಮುಂದೆ ಬರೋಲ್ಲ." ಅಪ್ಪ ಅನ್ನೋ ಬದಲು 'ಅಮ್ಮನ ಗಂಡ' ಅಂದಿದ್ದೆ. ಬೇರೆ ಯಾರದ್ದೋ ಮನೆ ವಿಷಯ ಹೇಳಿದಂತಿತ್ತು. ಬೇರೆ ಭಾಷೆ ಅಂತಲೇ ಬಾಯಿಂದ ಹೊರಗೆ ಬಂತೋ ಏನೋ.

ಓನರಮ್ಮ ಒಂದು ಕ್ಷಣ ನೋಡಿದರು. ಆಮೇಲೆ ತಮ್ಮ ಕಪ್ಪು ಸ್ವೆಟರಿನ ತೋಳು ಎಳೆದು ತೋರಿಸಿದರು. "ನಾನೂ ಹನ್ನೊಂದು ವರ್ಷದಿಂದ ಹಾಗೇ ಇದ್ದೀನಿ. ದಿನಾ ನನ್ನ ಹೊಸ್ತಿಲು ಮೊದಲು ದಾಟೋಳು ನಾನೇ. ಹೋದ ವರ್ಷ ಪಕ್ಕದ್ಮನೆ ಹುಡುಗನ್ನ ಕರೆದಿದ್ದೆ, ವರ್ಷವೆಲ್ಲಾ ಸೊಂಟನೋವು. ನಿಮ್ಮಮ್ಮನಿಗೆ ಸೊಂಟನೋವು ಇದೆಯಾ ಕೇಳು."

ಕೇಳಿದೆ. "ಸೊಂಟ ಗಟ್ಟಿ ಇದೆ, ಮಂಡಿ ಮಾತ್ರ" ಅಂದಳು ಅಮ್ಮ. ಅದನ್ನೂ ಹೇಳಿದೆ. "ಮಂಡಿ ನನಗೆ ಹೇಗೂ ಹೋಗಿದೆ, ಪರವಾಗಿಲ್ಲ" ಅಂದರು ಅವರು.

ಅಮ್ಮ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದಿನವರು ತಳ್ಳುತ್ತಿದ್ದರು, ಅಂಗಡಿಯವ ಏನೋ ಕೂಗುತ್ತಿದ್ದ. ಆಮೇಲೆ ಅವಳು ಬಗ್ಗಿ, ಒಂದೊಂದೇ ದಾಳಿಂಬೆ ಎತ್ತಿ ತೂಕ ನೋಡತೊಡಗಿದಳು. ಬೆರಳಿನಿಂದ ತಟ್ಟಿದಳು. ಆರು ಹಣ್ಣು ಬದಿಗಿಟ್ಟು ಏಳನೆಯದನ್ನ ಆರಿಸಿ, ದುಡ್ಡು ತಾನೇ ಕೊಟ್ಟಳು.

ಮರುದಿನ ಬೆಳಿಗ್ಗೆ ಎಂಟಕ್ಕೆ, ತಲೆಗೆ ಸ್ನಾನ ಮಾಡಿ, ತಂದಿದ್ದ ಒಂದೇ ರೇಷ್ಮೆ ಸೀರೆ ಉಟ್ಟು ಅಮ್ಮ ಕೆಳಗಿಳಿದಳು. ಬಾಗಿಲು ತೆರೆದಿತ್ತು. ಬಲಗಾಲಿಡಬೇಕು ಅಂತ ಅವಳಿಗೆ ಯಾರು ಹೇಳಿಕೊಡಬೇಕು! ಮೊದಲ ಸಲ ಎಸೆದಾಗ ಹಣ್ಣು ಒಡೆಯದೆ ಉರುಳಿಕೊಂಡು ಮೇಜಿನ ಕೆಳಗೆ ಹೋಯ್ತು. ಎರಡನೇ ಸಲ ಎಷ್ಟು ಜೋರಾಗಿ ಅಪ್ಪಳಿಸಿದಳು ಅಂದರೆ ಗೋಡೆಗೆ, ಚಪ್ಪಲಿಗೆ, ಓನರಮ್ಮನ ಕಾಲಿಗೆಲ್ಲಾ ಕೆಂಪು. ಅವರು "ಖ್ರೋನ್ಯಾ ಪೊಲ್ಲಾ!" ಅಂತ ಅಮ್ಮನ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ನೂರ್ಕಾಲ ಬಾಳು ಅಂತ ಅರ್ಥ. ಕೇಕಿನ ನಾಣ್ಯ ಯಾರಿಗೆ ಬಂತು ಅಂತೀರಾ? ಮನೆಯ ಪಾಲಿನ ಹೋಳಿಗೆ.

ಜರ್ಮನಿಗೆ ಬಂದಮೇಲೆ ಆ ಸೀಮೆಯ ಬಗ್ಗೆ ಓದ್ತಾ ಇದ್ದೆ. ಎರಡನೇ ಶತಮಾನದಲ್ಲಿ ಪೌಸೇನಿಯಸ್ ಅನ್ನೋ ಪ್ರವಾಸಿ ಗ್ರೀಸ್ ಸುತ್ತಿ ಬರೆದಿದ್ದಾನೆ. ನಾಫ್‌ಪ್ಲಿಯೊಗೆ ಹತ್ತಿರದ ಹೇರಾ ದೇವಿಯ ಗುಡಿಯಲ್ಲಿ, ಚಿನ್ನ ಮತ್ತು ದಂತದ ವಿಗ್ರಹದ ಒಂದು ಕೈಯಲ್ಲಿ ದಾಳಿಂಬೆ ಇತ್ತಂತೆ. ಅದರ ಅರ್ಥ ಹೇಳುವಂಥದ್ದಲ್ಲ ಅಂತ ಆತ ಅಲ್ಲೇ ನಿಲ್ಲಿಸಿಬಿಟ್ಟಿದ್ದಾನೆ! ಇನ್ನೂ ಸ್ವಲ್ಪ ದೂರದ ಸ್ಟಿಂಫಾಲೊಸ್‌ನಲ್ಲಿ ಅದೇ ಹೇರಾಗೆ ಮೂರು ಗುಡಿ ಇದ್ದವಂತೆ: ಹುಡುಗಿಯಾಗಿ ಒಂದು, ಮದುವೆಯಾದವಳಾಗಿ ಒಂದು, ವಿಧವೆಯಾಗಿ ಒಂದು. ದೇವರಾದ ಜ್ಯೂಸ್ ಸಾಯೋಕೆ ಸಾಧ್ಯವೇ? ಗಂಡನ ಹತ್ತಿರ ಜಗಳವಾಡಿ ಊರಿಗೆ ವಾಪಸ್ ಬಂದಾಗಿನ ಹೆಸರಂತೆ ಅದು. ಫೋನಿನಲ್ಲಿ ಇದನ್ನ ಹೇಳಿದಾಗ ಅಮ್ಮ ಬಿದ್ದು ಬಿದ್ದು ನಕ್ಕಳು. "ಗುಡಿ ಕಟ್ಟಿದರಲ್ಲ, ಅಷ್ಟು ಸಾಕು" ಅಂದಳು.

ಇದಾದಮೇಲೆ ಅಮ್ಮ ಬದಲಾದಳು ಅಂತೆಲ್ಲಾ ಬರೆದರೆ ಸುಳ್ಳಾಗುತ್ತೆ. ಮುಂದಿನ ಬೇಸಿಗೆಯಲ್ಲಿ ನಮ್ಮ ಅತ್ತಿಗೆ ಮನೆ ಗೃಹಪ್ರವೇಶ. ಪೂಜೆ ಹೊತ್ತಿಗೆ ಅಮ್ಮ ಹಿತ್ತಲ ಕಡೆ ಹಾಲು ಕಾಯಿಸ್ತಾ ನಿಂತಿದ್ದಳಂತೆ. ಆದರೆ ಊಟಕ್ಕೆ ಕೂತಾಗ ಯಾರೋ ಗ್ರೀಸಿನ ಕತೆ ಎತ್ತಿದರು. "ಆ ದಾಳಿಂಬೆ ಯಾರು ಒಡೆದಿದ್ದು?" ಅಂತ ಕೇಳಿದಾಗ, ಸಾಲಿನ ಆ ತುದಿಯವರೆಗೂ ಕೇಳುವ ಹಾಗೆ "ನಾನೇ" ಅಂದಳಂತೆ. ಅತ್ತಿಗೆ ಫೋನ್ ಮಾಡಿ ಹೇಳಿದ್ದು. ಮುಂದಿನ ಸಲ ಹಾಲು ಉಕ್ಕಿಸೋಕೆ ಅಮ್ಮನನ್ನೇ ಕರೀತೀನಿ, ಅದು ಹೇಗೆ ಬರೋಲ್ಲ ಅಂತಾರೋ ನೋಡ್ತೀನಿ ಅಂತಿದ್ದಾಳೆ ಅತ್ತಿಗೆ.

ನಿಮ್ಮ ಮನೆಗಳಲ್ಲೂ ಕಂಬದ ಹಿಂದೆ ಯಾರಾದರೂ ನಿಲ್ತಾರಾ? ಯಾರಾದರೂ ಮುಂದೆ ಕರೆದರಾ? ಬರೀರಿ, ಓದ್ತೀನಿ.